ಬಿಲ್ಲಿನ ನಡುಪಟ್ಟಿಗೆ ಯಾವ ಮರ?



ಬಿಲ್ಲು ಎಂದ ಕೂಡಲೇ ನಮಗೆಲ್ಲ ರಾಮ, ಅರ್ಜುನ, ಏಕಲವ್ಯ ಇವರ ನೆನಪು ಬರುತ್ತದೆ. ಬಾಣ ಎಷ್ಟು ದೂರ ಹೋಯಿತು, ಯಾರಿಗೆ ತಾಗಿತು ಎಂದು ಎಲ್ಲರೂ ಕೇಳುತ್ತೇವೆ. ಬಿಲ್ಲು ಯಾವ ಮರದ್ದು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಈ ಸಲದ ಗೋಡೆ ಪತ್ರಿಕೆಯಲ್ಲಿ ನಾನು ಅದನ್ನೇ ಬರೆಯುತ್ತಿದ್ದೇನೆ. ಅದರಲ್ಲೂ ಪದರ ಪದರವಾಗಿ ಅಂಟಿಸಿ ಮಾಡುವ ಬಿಲ್ಲಿನಲ್ಲಿ, ಎರಡು ಪದರಗಳ ಮಧ್ಯೆ ಅಡಗಿ ಕುಳಿತಿರುವ ಮರದ ಪಟ್ಟಿಯ ವಿಷಯ. ಅದಕ್ಕೆ ನಾನು ನಡುಪಟ್ಟಿ ಎಂದು ಹೆಸರಿಟ್ಟಿದ್ದೇನೆ. ನಮ್ಮ ದೊಡ್ಡಪ್ಪ ಮರಗೆಲಸ ಮಾಡುತ್ತಾರೆ. ಅವರು ಹೇಳಿದ್ದು, ನಮ್ಮ ವಿಜ್ಞಾನದ ಗುರುಗಳು ತಂದುಕೊಟ್ಟ ಪುಸ್ತಕಗಳಲ್ಲಿ ಓದಿದ್ದು, ನಾನೇ ಮಾಡಿ ನೋಡಿದ್ದು ಎಲ್ಲವೂ ಇದರಲ್ಲಿ ಸೇರಿದೆ. ಬಿಡುವಿನಲ್ಲಿ ಕೋಲು ಬಗ್ಗಿಸಿ ಹಗ್ಗ ಕಟ್ಟುವ ನಮ್ಮ ತರಗತಿಯ ಹುಡುಗರು ಇದನ್ನು ಪೂರ್ತಿ ಓದಬೇಕು. ಚಿತ್ರ ಮಾತ್ರ ನೋಡಿ ಹೋಗಬೇಡಿ.

ಮೊದಲು ಬಿಲ್ಲಿನ ಭಾಗಗಳನ್ನು ತಿಳಿಯೋಣ. ಮಧ್ಯದಲ್ಲಿ ಕೈಯಿಂದ ಹಿಡಿಯುವ ಜಾಗ ಹಿಡಿ. ಹಿಡಿಯಿಂದ ಮೇಲಕ್ಕೊಂದು ಕೆಳಕ್ಕೊಂದು ತೋಳು. ತೋಳಿನ ತುದಿಯಲ್ಲಿ ಹಗ್ಗ ಸಿಕ್ಕಿಸಲು ಒಂದು ಕಚ್ಚು ಇರುತ್ತದೆ. ಆ ಹಗ್ಗಕ್ಕೆ ಹೆದೆ ಎನ್ನುತ್ತಾರೆ. ಬಾಣ ಬಿಡುವಾಗ ಗುರಿಯ ಕಡೆಗೆ ಇರುವ ಮೈ ಹೊರಮೈ, ನಮ್ಮ ಕಡೆಗೆ ಇರುವ ಮೈ ಒಳಮೈ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದು ಸುಲಭ.

ಹೆದೆಯನ್ನು ಎಳೆದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಸಿ ಕೋಲೊಂದನ್ನು ಬಗ್ಗಿಸಿ ನೋಡಿ. ಹೊರಗಿನ ತೊಗಟೆ ಬಿರಿಯುತ್ತದೆ, ಒಳಗಿನ ತೊಗಟೆ ಸುಕ್ಕುಗಟ್ಟುತ್ತದೆ. ಹಿಗ್ಗುವ ಮೈಗೂ ಕುಗ್ಗುವ ಮೈಗೂ ಮಧ್ಯೆ ಒಂದು ಜಾಗ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ನಡುಪಟ್ಟಿ ಇರುವುದು ಸರಿಯಾಗಿ ಅಲ್ಲೇ.

ಹಾಗಾದರೆ ಅದಕ್ಕೆ ಕೆಲಸವೇ ಇಲ್ಲವಲ್ಲ, ಯಾವ ಮರ ಹಾಕಿದರೇನು ಎಂದು ನೀವು ಕೇಳಬಹುದು. ದೊಡ್ಡಪ್ಪನನ್ನು ನಾನೂ ಕೇಳಿದೆ. ಅವರು ಏನೂ ಮಾತಾಡದೆ ನನ್ನ ಚೀಲದಿಂದ 200 ಪುಟದ ನೋಟ್ ಬುಕ್ ತೆಗೆದು ಕೈಗೆ ಕೊಟ್ಟು, "ಇದನ್ನ ಬಗ್ಗಿಸು ಪುಟ್ಟಿ" ಅಂದ್ರು. ಬಗ್ಗಿಸಿದೆ. ಸುಲಭವಾಗಿ ಬಗ್ಗಿತು. "ಈಗ ಹಾಳೆಗಳ ಅಂಚು ನೋಡು" ಅಂದ್ರು. ಹಾಳೆಗಳೆಲ್ಲ ಒಂದರ ಮೇಲೊಂದು ಜಾರಿ ಅಂಚು ಮೆಟ್ಟಿಲಿನ ಹಾಗೆ ಓರೆಯಾಗಿತ್ತು. ಆಮೇಲೆ ಬಟ್ಟೆ ಒಣಹಾಕುವ ನಾಲ್ಕು ಕ್ಲಿಪ್ಪುಗಳನ್ನು ಆ ಅಂಚಿಗೆ ಬಿಗಿಯಾಗಿ ಸಿಕ್ಕಿಸಿ ಮತ್ತೆ ಬಗ್ಗಿಸಲು ಹೇಳಿದರು. ಅದೇ ಪುಸ್ತಕ ಈಗ ಬಗ್ಗಲು ಕಷ್ಟಪಟ್ಟಿತು, ಮಧ್ಯದ ಹಾಳೆಗಳು ಉಬ್ಬಿಕೊಂಡವು. ನೀವೂ ಮಾಡಿ ನೋಡಿ, ಆದರೆ ಸಮಾಜದ ನೋಟ್ಸಿನಲ್ಲಿ ಬೇಡ.

ಹಾಳೆ ಹಾಳೆಯ ಮೇಲೆ ಜಾರಲು ನೋಡುವ ಈ ಎಳೆತ ಬಿಲ್ಲಿನಲ್ಲೂ ಇರುತ್ತದೆ. ಅದು ಅತಿ ಹೆಚ್ಚು ಇರುವುದು ತೋಳಿನ ದಪ್ಪದ ನಟ್ಟನಡುವೆ. ಹಿಗ್ಗುವ, ಕುಗ್ಗುವ ಶ್ರಮ ಹೊರಪದರಗಳಿಗೆ. ಜಾರದಂತೆ ಎರಡನ್ನೂ ಹಿಡಿದುಕೊಳ್ಳುವ ಶ್ರಮ ನಡುಪಟ್ಟಿಗೆ. ಅದು ಸೀಳಿದರೆ ಹೊರಪದರ ಉಕ್ಕಿನದೇ ಇದ್ದರೂ ಉಪಯೋಗವಿಲ್ಲ.

ಇದರಲ್ಲಿ ಒಂದು ಲೆಕ್ಕವೂ ಇದೆ. ಗಣಿತ ಅಂದರೆ ಓಡಬೇಡಿ, ಘನ ಮಾಡಲು ಬಂದರೆ ಸಾಕು. ಪಟ್ಟಿಯ ಬಿಗಿತ ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ದಪ್ಪ 2 ಪಟ್ಟು ಆದರೆ ಬಿಗಿತ 2×2×2, ಅಂದರೆ 8 ಪಟ್ಟು. ಒಂದರ ಮೇಲೊಂದು ಸುಮ್ಮನೆ ಇಟ್ಟ ಎರಡು ಮರದ ಸ್ಕೇಲು ಒಂದು ಸ್ಕೇಲಿಗಿಂತ 2 ಪಟ್ಟು ಬಿಗಿ. ಅವನ್ನೇ ಒಳ್ಳೆ ಅಂಟು ಹಾಕಿ ಕೂಡಿಸಿದರೆ 8 ಪಟ್ಟು. ಹೆಚ್ಚಿಗೆ ಬಂದದ್ದೆಲ್ಲ ಜಾರದೆ ಇರುವುದರಿಂದ ಬಂದದ್ದು.

ಈಗ 10 ಮಿ.ಮೀ. ದಪ್ಪದ ತೋಳು ಎಂದು ಇಟ್ಟುಕೊಳ್ಳಿ. ಹೊರಪದರ 2.5, ನಡುಪಟ್ಟಿ 5, ಒಳಪದರ 2.5. ಪೂರ್ತಿ ತೋಳಿಗೆ 10ರ ಘನ 1000. ನಡುಪಟ್ಟಿಗೆ 5ರ ಘನ 125. ಮೂರೂ ಒಂದೇ ಜಾತಿಯ ಮರವಾದರೆ, ದಪ್ಪದಲ್ಲಿ ಅರ್ಧ ಇರುವ ನಡುಪಟ್ಟಿ ಬಿಗಿತದಲ್ಲಿ ಕೊಡುವುದು 8ರಲ್ಲಿ 1 ಭಾಗ ಮಾತ್ರ. ಉಳಿದ 7 ಭಾಗ ಹೊರಗಿನ ಎರಡು ತೆಳು ಪದರಗಳದ್ದು! ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ನಂಬಿಕೆ ಬರಲಿಲ್ಲ, ಗುರುಗಳಿಗೆ ತೋರಿಸಿದೆ. ಅವರು ಸರಿ ಎಂದು ಟಿಕ್ ಹಾಕಿದರು.

ಇದರಿಂದ ಒಂದು ದೊಡ್ಡ ವಿಷಯ ಗೊತ್ತಾಗುತ್ತದೆ. ನಡುಪಟ್ಟಿಗೆ ಕಬ್ಬಿಣದಂಥ ಮರ ಬೇಕಿಲ್ಲ. ಬಿಗಿತ ಕೊಡುವವರು ಬೇರೆ ಇದ್ದಾರೆ. ಇದಕ್ಕೆ ಬೇಕಾದದ್ದು ನಾಲ್ಕೇ ಗುಣ. ಸೀಳಬಾರದು. ಭಾರ ಕಡಿಮೆ ಇರಬೇಕು. ಅಂಟು ಹಿಡಿಯಬೇಕು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಇರಬೇಕು.

ಭಾರ ಯಾಕೆ ಕಡಿಮೆ ಇರಬೇಕು ಗೊತ್ತೇ? ಹೆದೆ ಬಿಟ್ಟಾಗ ಬಿಲ್ಲು ಬಾಣವನ್ನು ಮಾತ್ರ ಓಡಿಸುವುದಿಲ್ಲ, ತನ್ನ ತೋಳುಗಳನ್ನೂ ಓಡಿಸಬೇಕು. ತೋಳು ಭಾರವಾದರೆ ನಾವು ಎಳೆದ ಶಕ್ತಿಯಲ್ಲಿ ಬಹುಪಾಲು ಅದಕ್ಕೇ ಖರ್ಚು. ಅದರಲ್ಲೂ ತುದಿಯ ಭಾರ ಕೆಟ್ಟದ್ದು, ಯಾಕೆಂದರೆ ಹೆಚ್ಚು ದೂರ ಓಡುವುದು ತುದಿ. ಹಿಡಿಯ ಹತ್ತಿರ ಸ್ವಲ್ಪ ಭಾರ ಇದ್ದರೆ ಅಷ್ಟು ನಷ್ಟವಿಲ್ಲ. ಆದ್ದರಿಂದ ನಡುಪಟ್ಟಿಯನ್ನು ಹಿಡಿಯ ಕಡೆ ದಪ್ಪ, ತುದಿಯ ಕಡೆ ತೆಳು ಮಾಡುತ್ತಾರೆ.

ಸೀಳುವುದು ಎಂದರೇನು ಎಂದು ನಮ್ಮ ಮನೆಯವರಿಗೆಲ್ಲ ಚೆನ್ನಾಗಿ ಗೊತ್ತು. ಹೋದ ವರ್ಷ ದಸರಾ ರಜೆಯಲ್ಲಿ ಅಣ್ಣ (ದೊಡ್ಡಪ್ಪನ ಮಗ) ಬೇಲಿಗೆ ತಂದಿದ್ದ ಗಾಳಿ ಮರದ ಗಳುವಿನಿಂದ ಬಿಲ್ಲು ಮಾಡಿದ್ದ. ನೋಡಲು ಭರ್ಜರಿಯಾಗಿತ್ತು. ಮೂರನೇ ದಿನ ನನ್ನ ತಮ್ಮನ ಕೈಯಲ್ಲಿ ಇದ್ದಾಗ ಟಪ್ ಅಂತ ಮುರಿಯಿತು. ಮುರಿದದ್ದು ಅಡ್ಡಕ್ಕಲ್ಲ. ಒಂದು ಗಂಟಿನ ಬಳಿ ಶುರುವಾಗಿ ಉದ್ದಕ್ಕೆ ಓರೆಯಾಗಿ ಸೀಳಿ, ಒಂದು ಗೇಣು ಉದ್ದದ ಚಕ್ಕೆ ಹಾರಿ ಅವನ ಹುಬ್ಬಿಗೆ ಹೊಡೆಯಿತು. ಮೂರು ಹೊಲಿಗೆ ಹಾಕಿದರು. ಅರ್ಧ ಇಂಚು ಕೆಳಗೆ ಬಿದ್ದಿದ್ದರೆ ಕಣ್ಣು. ಅಂದಿನಿಂದ ಅಮ್ಮ ನಮ್ಮ ಮನೆ ಅಂಗಳದಲ್ಲಿ ಬಿಲ್ಲು ಕಂಡರೆ ಒಲೆಗೆ ಹಾಕುತ್ತೇನೆ ಎಂದಿದ್ದಾರೆ. ನಾನು ಮುರಿದ ತುಂಡನ್ನು ಒಲೆಗೆ ಹಾಕಲು ಬಿಡದೆ ಎತ್ತಿಟ್ಟುಕೊಂಡೆ. ಅದನ್ನು ಈ ಪತ್ರಿಕೆಯ ಕೆಳಗೆ ದಾರದಲ್ಲಿ ಕಟ್ಟಿ ತೂಗು ಹಾಕಿದ್ದೇನೆ. ಗಂಟಿನ ಸುತ್ತ ಎಳೆಗಳು ಹೇಗೆ ಸುತ್ತು ಹಾಕಿಕೊಂಡು ಹೋಗಿವೆ, ಸೀಳು ಹೇಗೆ ಅದೇ ದಾರಿ ಹಿಡಿದಿದೆ ಎಂದು ನೋಡಿ. ಮುಟ್ಟಬೇಡಿ, ಸಿಬಿರು ಏರುತ್ತದೆ.

ಮರದಲ್ಲಿ ನಾರಿನ ಎಳೆಗಳು ಉದ್ದಕ್ಕೆ ಇರುತ್ತವೆ. ಪಟ್ಟಿಯ ಉದ್ದಕ್ಕೂ ಅವು ಸರಿಯಾಗಿ ಹರಿದಿದ್ದರೆ ಗಟ್ಟಿ. ಓರೆಯಾಗಿ ಬಂದು ಅಂಚಿನಲ್ಲಿ ಹೊರಬಿದ್ದರೆ ಅಲ್ಲೇ ಸೀಳು ಶುರು. ಎಳೆ 10 ಸೆಂ.ಮೀ. ಉದ್ದಕ್ಕೆ 1 ಸೆಂ.ಮೀ. ಓರೆಯಾದರೆ ಬಾಗುವಾಗ ತಡೆಯುವ ಶಕ್ತಿ ಸುಮಾರು ಐದನೇ ಒಂದು ಭಾಗ ಕಡಿಮೆ ಆಗುತ್ತದೆ. 5 ಸೆಂ.ಮೀ.ಗೆ 1 ಸೆಂ.ಮೀ. ಓರೆಯಾದರೆ ಹತ್ತಿರ ಹತ್ತಿರ ಅರ್ಧವೇ ಹೋಗುತ್ತದೆ. ಅದಕ್ಕೇ ದೊಡ್ಡಪ್ಪ ಹೇಳುವುದು, ಮರದ ಹೆಸರು ಆಮೇಲೆ ಕೇಳು, ಎಳೆ ಮೊದಲು ನೋಡು ಅಂತ.

ಬೇರೆ ದೇಶದವರು ಏನು ಮಾಡಿದರು ಎಂದು ಈಗ ನೋಡೋಣ. ಇಂಗ್ಲೆಂಡಿನ ಉದ್ದ ಬಿಲ್ಲು ಯೂ ಎಂಬ ಒಂದೇ ಮರದ್ದು. 1545ರಲ್ಲಿ ಮುಳುಗಿದ ಮೇರಿ ರೋಸ್ ಎಂಬ ಯುದ್ಧ ಹಡಗನ್ನು 1982ರಲ್ಲಿ ಸಮುದ್ರದಿಂದ ಮೇಲೆತ್ತಿದರು. ಅದರಲ್ಲಿ ನೂರಕ್ಕೂ ಹೆಚ್ಚು ಬಿಲ್ಲುಗಳು ಸಿಕ್ಕವು, ಸುಮಾರು 2 ಮೀಟರ್ ಉದ್ದದವು. ಯೂ ಮರದ ಹೊರಗಿನ ಬಿಳಿ ಭಾಗ ಚೆನ್ನಾಗಿ ಹಿಗ್ಗುತ್ತದೆ, ಒಳಗಿನ ಚೇಗು ಚೆನ್ನಾಗಿ ಕುಗ್ಗುತ್ತದೆ. ಎರಡೂ ಸೇರಿರುವ ಜಾಗದಲ್ಲಿ ಸೀಳಿ ಬಿಲ್ಲು ಮಾಡಿದರೆ ಎರಡು ಪದರ ತಾನಾಗಿಯೇ ಬಂತು. ಅಂಟೇ ಬೇಡ. ದೇವರು ಅಂಟಿಸಿ ಕೊಟ್ಟ ಹಾಗೆ.

ಅಂಥ ಮರ ಇಲ್ಲದ ಕಡೆ, ಅಥವಾ ಚಿಕ್ಕ ಬಿಲ್ಲಿನಲ್ಲಿ ಹೆಚ್ಚು ಶಕ್ತಿ ಬೇಕಾದ ಕಡೆ, ಜನ ತಾವೇ ಅಂಟಿಸಿದರು. ತುರ್ಕಿಯವರ ಬಿಲ್ಲಿನಲ್ಲಿ ಹೊರಮೈಗೆ ಪ್ರಾಣಿಯ ನರ, ಒಳಮೈಗೆ ಎಮ್ಮೆ ಕೊಂಬು, ಮಧ್ಯೆ ಮೇಪಲ್ ಮರದ ತೆಳು ಪಟ್ಟಿ. ಮೇಪಲ್ ಯಾಕೆ? ಅದರ ಎಳೆ ಸಣ್ಣ, ಸಮ, ಅಂಟನ್ನು ಚೆನ್ನಾಗಿ ಹೀರುತ್ತದೆ. ಅಷ್ಟು ಸಾಲದೆಂದು ಹಲ್ಲಿರುವ ಆಯುಧದಿಂದ ಮರಕ್ಕೂ ಕೊಂಬಿಗೂ ಉದ್ದುದ್ದ ಗೀರು ಎಳೆದು, ಅಂಟು ಹಿಡಿಯುವ ಜಾಗವನ್ನು ಇನ್ನೂ ಹೆಚ್ಚು ಮಾಡುತ್ತಿದ್ದರು. ಇಸ್ತಾಂಬುಲ್ ನಗರದಲ್ಲಿ ದೂರ ಹೋದ ಬಾಣಗಳ ಗುರುತಿಗೆ ಕಲ್ಲು ನಿಲ್ಲಿಸಿದ ಒಂದು ಜಾಗವಿದೆ. ಅದರ ಹೆಸರು ಓಕ್‌ಮೈದಾನಿ. ಓಕ್ ಎಂದರೆ ಅವರ ಭಾಷೆಯಲ್ಲಿ ಬಾಣ. ಮೈದಾನ ಎಂದರೆ ನಮ್ಮ ಮೈದಾನವೇ!

ಕೊರಿಯಾ ದೇಶದ ಬಿಲ್ಲಿನಲ್ಲೂ ಕೊಂಬು, ನರ ಇವೆ. ಆದರೆ ನಡುಪಟ್ಟಿ ಬಿದಿರು, ತುದಿಗಳಿಗೆ ಹಿಪ್ಪುನೇರಳೆ ಜಾತಿಯ ಮರ. ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಹಿಪ್ಪುನೇರಳೆ ಬಿಲ್ಲಿಗೂ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಜಪಾನಿನ ಬಿಲ್ಲು 2 ಮೀಟರಿಗಿಂತ ಉದ್ದ, ಹೊರಗೂ ಒಳಗೂ ಬಿದಿರು, ಮಧ್ಯೆ ಮರ ಮತ್ತು ಬಿದಿರಿನ ಸೀಳುಗಳು. ಈಗ ಒಲಿಂಪಿಕ್ಸಿನಲ್ಲಿ ಬಳಸುವ ಬಿಲ್ಲುಗಳ ತೋಳಿಗೆ ಗಾಜಿನ ನಾರು, ಕಾರ್ಬನ್ ನಾರಿನ ಹೊದಿಕೆ ಇರುತ್ತದೆ. ಅವುಗಳ ಒಳಗೂ ಕೆಲವದರಲ್ಲಿ ಮರ ಅಥವಾ ಬಿದಿರು ಇದೆ, ಕೆಲವದರಲ್ಲಿ ಗಟ್ಟಿ ನೊರೆಯಂಥ ಕೃತಕ ವಸ್ತು ಇದೆ. ನೊರೆ! ಲೆಕ್ಕದಲ್ಲಿ 8ರಲ್ಲಿ 1 ಭಾಗ ಎಂದು ಬಂತಲ್ಲ, ಅದು ನಿಜ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಮ್ಮ ದೇಶದ ಮಾತಿಗೆ ಬಂದರೆ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಿಲ್ಲು ಮಾಡುವ ನಾಲ್ಕು ವಸ್ತುಗಳ ಹೆಸರಿದೆ. ತಾಳೆ ಮರ, ಬಿದಿರು, ಬೇರೆ ಮರ, ಕೊಂಬು. ಕಾರ್ಮುಕ, ಕೋದಂಡ, ದ್ರೂಣ ಎಂದು ಬಿಲ್ಲಿನ ಹೆಸರುಗಳೂ ಇವೆ. ಕೋದಂಡರಾಮ ಎಂದು ನಾವು ಹೇಳುವ ಕೋದಂಡ ಇದೇ. ಹೆದೆಗೆ ಎಕ್ಕದ ನಾರು, ಸೆಣಬು, ಪ್ರಾಣಿಯ ನರ ಮುಂತಾದವನ್ನು ಹೇಳಿದ್ದಾರೆ. ಕಳೆದುಹೋಗಿದೆ ಎಂದುಕೊಂಡಿದ್ದ ಈ ಗ್ರಂಥದ ಓಲೆಗರಿ ಪ್ರತಿ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು.

ಬಿದಿರಿನ ಬಿಲ್ಲು ಈಗಲೂ ಇದೆ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವೇ ಇದೆ, ಅದರಲ್ಲಿ ಬಿದಿರಿನ ಬಿಲ್ಲು. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗೆದ್ದ ಜಾರ್ಖಂಡಿನ ದೀಪಿಕಾ ಕುಮಾರಿ ಅವರೂ ಚಿಕ್ಕವರಿದ್ದಾಗ ಮನೆಯಲ್ಲಿ ಮಾಡಿದ ಬಿದಿರಿನ ಬಿಲ್ಲಿನಲ್ಲಿ ಅಭ್ಯಾಸ ಮಾಡಿದವರು. (ಹುಡುಗಿಯರಿಗೆ ಬಿಲ್ಲು ಯಾಕೆ ಎಂದು ಕೇಳಿದವರಿಗೆ ಇದು ಉತ್ತರ.)

ಇನ್ನು ನಮ್ಮೂರಿನ ಸುತ್ತಮುತ್ತ ಸಿಗುವ ಮರಗಳು. ಇದೇ ಈ ಲೇಖನದ ಮುಖ್ಯ ಭಾಗ.

ಬೂರುಗ ಮತ್ತು ಹಾಲವಾಣ ತುಂಬ ಹಗುರ. ಹಗುರ ಒಳ್ಳೆಯದು ಎಂದು ಇವನ್ನು ಹಾಕಿದರೆ ಕೆಟ್ಟೆವು. ಉಗುರಿನಿಂದ ಒತ್ತಿದರೆ ಗುಳಿ ಬೀಳುವ ಮರ, ಜಾರುವ ಎಳೆತವನ್ನು ತಡೆಯದೆ ಒಳಗೇ ಹರಿದುಹೋಗುತ್ತದೆ. ಮತ್ತಿ ಬಹಳ ಭಾರ. ಗಾಳಿ ಮರವೂ ಭಾರ, ಮೇಲಾಗಿ ಒಣಗುವಾಗ ಬಿರುಕು ಬಿಡುತ್ತದೆ. ಹಲಸು ಭಾರವಿಲ್ಲ, ಬಣ್ಣ ಚೆನ್ನ, ಆದರೆ ಅದರ ಎಳೆ ಒಂದು ಪದರ ಬಲಕ್ಕೆ ಓರೆ, ಇನ್ನೊಂದು ಪದರ ಎಡಕ್ಕೆ ಓರೆ. ಹತ್ತರಿ ಹಿಡಿದವರಿಗೆ ಇದು ಗೊತ್ತು, ಯಾವ ಕಡೆಯಿಂದ ಉಜ್ಜಿದರೂ ಚಕ್ಕೆ ಏಳುತ್ತದೆ. ಬಾಗಿಲಿಗೆ, ವೀಣೆಗೆ ಹಲಸು ಸರಿ. ತೆಳು ಪಟ್ಟಿಗೆ ಬೇಡ.

ತೇಗ ಯಾಕೆ ಬೇಡ ಎಂದು ಹಲವರು ಕೇಳಿದರು. ತೂಕ ಸರಿಯಾಗಿದೆ, ನೀರಿಗೆ 1 ಎಂದರೆ ತೇಗಕ್ಕೆ ಸುಮಾರು 0.65. ಎಳೆಯೂ ಬಹುಮಟ್ಟಿಗೆ ನೇರ. ಆದರೆ ತೇಗದಲ್ಲಿ ಎಣ್ಣೆ ಅಂಶ ಇದೆ. ಕೈಗೆ ಜಿಡ್ಡು ತಾಗುತ್ತದಲ್ಲ, ಅದೇ. ಗೆದ್ದಲು ಬರದಂತೆ ಕಾಯುವುದೂ ಅಂಥ ಅಂಶಗಳೇ, ಅಂಟು ಹಿಡಿಯದಂತೆ ಮಾಡುವುದೂ ಅವೇ. ಆಗತಾನೇ ಕೀಸಿ, ಒರಸಿ, ತಡಮಾಡದೆ ಅಂಟಿಸಿದರೆ ಹಿಡಿಯುತ್ತದಂತೆ. ನಡುಪಟ್ಟಿಗೆ ಅಂಟೇ ಪ್ರಾಣ ಆಗಿರುವಾಗ ಅಂಟಿನ ಜೊತೆ ಜಗಳ ಆಡುವ ಮರ ಯಾಕೆ ಬೇಕು ಎನ್ನುವುದು ನನ್ನ ಅಭಿಪ್ರಾಯ.

ಬಿದಿರು ಒಳ್ಳೆಯದು, ಸಂಶಯವಿಲ್ಲ. ಎಳೆ ಗೆಣ್ಣಿನಿಂದ ಗೆಣ್ಣಿಗೆ ದಾರದ ಹಾಗೆ ನೇರ. ಆದರೆ ಬಿದಿರಿನ ಶಕ್ತಿ ಎಲ್ಲ ಸಿಪ್ಪೆಯ ಹತ್ತಿರ. ಹೊರಗೆ ನಾರು ಒತ್ತೊತ್ತಾಗಿ, ಒಳಗೆ ಹೋದ ಹಾಗೆ ವಿರಳ. ಸೀಳಿನ ತುದಿಯನ್ನು ನಯ ಮಾಡಿ ನೋಡಿದರೆ ಚುಕ್ಕಿಗಳು ಕಾಣುತ್ತವೆ, ಅವೇ ನಾರಿನ ಕಟ್ಟುಗಳು. ಈ ಗಟ್ಟಿ ಭಾಗವನ್ನು ಹಿಗ್ಗುವ ಕುಗ್ಗುವ ಹೊರಪದರಗಳಿಗೆ ಇಡಬೇಕು. ಮಧ್ಯದಲ್ಲಿ ಹೂತುಹಾಕುವುದು ಹಬ್ಬದ ಬಟ್ಟೆಯನ್ನು ಒಳಗೆ ಹಾಕಿಕೊಂಡ ಹಾಗೆ. ಮೂರು ವರ್ಷ ದಾಟಿದ ಬಿದಿರೇ ಆಗಬೇಕು. ಎಳೆಯದರಲ್ಲಿ ನೀರು, ಪಿಷ್ಟ ಹೆಚ್ಚು, ಒಣಗಿದರೆ ಸುಕ್ಕಾಗುತ್ತದೆ, ಪುಡಿ ಉದುರಿಸುವ ಹುಳ ಬರುತ್ತದೆ. ಕಡಿದ ಬಿದಿರನ್ನು ಹಳ್ಳದ ನೀರಿನಲ್ಲಿ ಕೆಲವು ವಾರ ನೆನೆಸಿಡುವುದು ಪಿಷ್ಟ ತೊಳೆದು ಹೋಗಲಿ ಎಂದೇ.

ಕೊನೆಗೆ ತಡಸಲು. ಕೆಲವರು ದಡಸಲು ಎನ್ನುತ್ತಾರೆ. ನಡುಪಟ್ಟಿಗೆ ಇದೇ ಸರಿ ಎಂದು ನಾನೂ ದೊಡ್ಡಪ್ಪನೂ ತೀರ್ಮಾನ ಮಾಡಿದ್ದೇವೆ. ಇದರ ಗುಣ ಏನೆಂದರೆ ಬಾಗುತ್ತದೆ, ಮುರಿಯುವುದಿಲ್ಲ, ಬಿಟ್ಟರೆ ತನ್ನ ಜಾಗಕ್ಕೆ ಬರುತ್ತದೆ. ಹಿಂದೆ ಗಾಡಿಯ ಮೂಕಿಗೆ, ಕೊಡಲಿ ಕಾವಿಗೆ, ಹೊರೆ ಹೊರುವ ಅಡ್ಡೆಗೆ ಇದನ್ನೇ ಹುಡುಕುತ್ತಿದ್ದರು. ಹೊರೆಯ ಅಡ್ಡೆ ಹೆಜ್ಜೆ ಹೆಜ್ಜೆಗೂ ಬಾಗಿ ಏಳಬೇಕು, ದಿನಕ್ಕೆ ಸಾವಿರಾರು ಸಲ. ಬಿಲ್ಲಿಗೂ ಅದೇ ಬೇಕಲ್ಲವೇ? ಸಂಸ್ಕೃತದಲ್ಲಿ ಈ ಮರಕ್ಕೆ ಧನ್ವನ ಎಂದು ಹೆಸರು. ಧನ್ವ ಎಂದರೆ ಬಿಲ್ಲು. ಹೆಸರಿಟ್ಟವರಿಗೆ ಮೊದಲೇ ಗೊತ್ತಿತ್ತು. ಇದರ ಸಸ್ಯಶಾಸ್ತ್ರದ ಹೆಸರು ಗ್ರೂವಿಯಾ ಟಿಲಿಫೋಲಿಯಾ. ಗಿಡಗಳ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ಇಂಗ್ಲೆಂಡಿನ ನೆಹೆಮಿಯಾ ಗ್ರೂ ಎಂಬ ವಿಜ್ಞಾನಿಯ ನೆನಪಿಗೆ ಆ ಕುಲಕ್ಕೆ ಗ್ರೂವಿಯಾ ಎಂದು ಹೆಸರಿಟ್ಟರು. ತೇಗಕ್ಕಿಂತ ಸ್ವಲ್ಪ ಭಾರ ಎನ್ನುವುದೊಂದೇ ಇದರ ಕೊರತೆ. ಅದಕ್ಕೆ ತುದಿಯಲ್ಲಿ 5ರ ಬದಲು 3 ಮಿ.ಮೀ.ಗೆ ಇಳಿಸುವುದು ಎಂದುಕೊಂಡಿದ್ದೇವೆ.

ಆದರೆ ತಡಸಲು ಎಲ್ಲಿಂದ ತರುವುದು? ಕಾಡಿನ ಮರ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ, ಕಡಿಯಲೂಬಾರದು. ಮಳೆಗಾಲದಲ್ಲಿ ನಮ್ಮ ತೋಟದ ಅಂಚಿನ ತಡಸಲಿನ ಒಂದು ಕೊಂಬೆ ಬಿದ್ದಿತ್ತು. ತೋಳಿನಷ್ಟು ದಪ್ಪ. ನನಗೆ ಬಹಳ ಖುಷಿಯಾಯಿತು. ದೊಡ್ಡಪ್ಪ ಬೇಡ ಅಂದ್ರು. ಅಡ್ಡಡ್ಡ ಚಾಚಿದ ಕೊಂಬೆ ತನ್ನ ಭಾರ ತಾನೇ ಹೊತ್ತುಕೊಂಡು ಬೆಳೆದಿರುತ್ತದೆ. ಮೇಲಿನ ಮಗ್ಗುಲ ಮರವೇ ಬೇರೆ, ಕೆಳಗಿನ ಮಗ್ಗುಲ ಮರವೇ ಬೇರೆ. ಸೀಳಿ ಒಣಗಿಸಿದರೆ ಒಂದು ಕಡೆ ಹೆಚ್ಚು ಎಳೆದುಕೊಂಡು ಬಾಳೆಕಾಯಿಯ ಹಾಗೆ ಸೊಟ್ಟ ಆಗುತ್ತದೆ. ನೆಟ್ಟಗೆ ನಿಂತ ಕಾಂಡದ ಮರವೇ ಬೇಕು.

ಆಗ ಅಜ್ಜ ಹೇಳಿದ್ದು ಕೊಟ್ಟಿಗೆಯ ಹಿಂದೆ ಬಿದ್ದಿರುವ ಹಳೇ ಎತ್ತಿನಗಾಡಿಯ ಮೂಕಿಯ ವಿಷಯ. ಗಾಡಿ ಹೊಡೆಯುವುದು ನಿಂತು ಎಷ್ಟೋ ವರ್ಷವಾಗಿದೆ. ಮೂಕಿ ತಡಸಲಿನದೇ, ಅಜ್ಜನೇ ಮಾಡಿಸಿದ್ದು. ಅಷ್ಟು ಹಳೇ ಮರ ನೊಂದಿರುತ್ತದೆ, ಒಳಗೆ ಕಾಣದ ಬಿರುಕು ಇರಬಹುದು ಎಂದು ದೊಡ್ಡಪ್ಪನ ವಾದ. ಹೊತ್ತ ಮರವೇ ಪರೀಕ್ಷೆ ಪಾಸಾದ ಮರ ಎಂದು ಅಜ್ಜನ ವಾದ. ಇಬ್ಬರೂ ಒಂದು ಸಂಜೆ ಪೂರ್ತಿ ಇದೇ ಮಾತಾಡಿದರು. ಕೊನೆಗೆ ಸೀಳಿ ನೋಡೋಣ ಎಂದು ಆಯಿತು.

ಗರಗಸ ಹಾಕದೆ ಸೀಳಿದರು, ಅದು ಮುಖ್ಯ. ಗರಗಸ ನಾವು ಹೇಳಿದ ದಾರಿಯಲ್ಲಿ ಹೋಗುತ್ತದೆ. ಬೆಣೆ ಹೊಡೆದು ಸೀಳಿದರೆ ಸೀಳು ಎಳೆಯ ದಾರಿಯಲ್ಲಿ ಹೋಗುತ್ತದೆ, ಮರ ಸುಳ್ಳು ಹೇಳಲು ಆಗುವುದಿಲ್ಲ. ಸೀಳು ನೂಲು ಹಿಡಿದ ಹಾಗೆ ಬಂತು. ಒಂದು ಕಡೆ ಮೊಳೆ ಕೂತು ಮರ ಕಪ್ಪಾಗಿತ್ತು, ಆ ಭಾಗ ಬಿಟ್ಟೆವು. ಎರಡು ತೂತುಗಳ ಮಧ್ಯೆ ಉಳಿದದ್ದು 96 ಸೆಂ.ಮೀ. ನಮಗೆ ಬೇಕಾದದ್ದು ತೋಳಿಗೆ 75, ಹಿಡಿಯಲ್ಲಿ ಜೋಡಿಸಲು 15, ಒಟ್ಟು 90. ಆರೇ ಸೆಂ.ಮೀ. ಹೆಚ್ಚಿಗೆ.

ಆಮೇಲೆ ಶಾಯಿ ಪರೀಕ್ಷೆ. ಇದು ಎಲ್ಲರಿಗೂ ಮಾಡಲು ಬರುತ್ತದೆ. ಕೀಸಿದ ಮರದ ಮೇಲೆ ಪೆನ್ನಿನ ಶಾಯಿಗೆ ಸ್ವಲ್ಪ ನೀರು ಬೆರೆಸಿ ಒಂದು ಹನಿ ಬಿಡಿ. ಹನಿ ದುಂಡಗೆ ನಿಲ್ಲುವುದಿಲ್ಲ, ಎಳೆಯ ದಿಕ್ಕಿನಲ್ಲಿ ಉದ್ದಕ್ಕೆ ಹರಿಯುತ್ತದೆ. ಅದರ ಪಕ್ಕ ಸ್ಕೇಲು ಇಟ್ಟು ಪಟ್ಟಿಯ ಅಂಚಿಗೆ ಎಷ್ಟು ಓರೆ ಎಂದು ಅಳೆಯಿರಿ. ಅಗಲದ ಮೈಯಲ್ಲಿ ಒಂದು ಹನಿ, ದಪ್ಪದ ಅಂಚಿನಲ್ಲಿ ಒಂದು ಹನಿ ಬೇಕು. ಬಹಳ ಜನ ಅಗಲದ ಮೈ ಮಾತ್ರ ನೋಡುತ್ತಾರೆ, ಮೋಸ ಇರುವುದು ಅಂಚಿನಲ್ಲಿ. ನಮ್ಮ ಪಟ್ಟಿಯಲ್ಲಿ 20 ಸೆಂ.ಮೀ.ಗೆ 1 ಸೆಂ.ಮೀ. ಕೂಡ ಓರೆ ಬರಲಿಲ್ಲ. ಅಣ್ಣನ ಮುರಿದ ಬಿಲ್ಲಿನ ತುಂಡಿಗೂ ಹನಿ ಹಾಕಿದ್ದೇನೆ, ನೀಲಿ ಗೆರೆ ಗಂಟಿನ ಬಳಿ ಹೇಗೆ ತಿರುಗಿದೆ ನೋಡಿ.

ಹಳೇ ಮರದ ಬಿರುಕಿನ ಸಂಶಯಕ್ಕೆ ಬಾಗಿಸುವ ಪರೀಕ್ಷೆ ಮಾಡಿದೆವು. ಎರಡು ಇಟ್ಟಿಗೆಗಳನ್ನು 60 ಸೆಂ.ಮೀ. ದೂರ ಇಟ್ಟು, ಮೇಲೆ 6 ಮಿ.ಮೀ. ದಪ್ಪಕ್ಕೆ ಕೀಸಿದ ಪಟ್ಟಿ, ಮಧ್ಯೆ 1 ಕೆ.ಜಿ. ಸಕ್ಕರೆ ಪೊಟ್ಟಣ ತೂಗು ಹಾಕಿ ಎಷ್ಟು ಜಗ್ಗಿತು ಎಂದು ಅಳೆದೆವು. ಒಂದು ಪಟ್ಟಿ 5 ಮಿ.ಮೀ. ಜಗ್ಗಿತು, ಅದರ ಜೋಡಿ 6 ಮಿ.ಮೀ. ಪೊಟ್ಟಣ ತೆಗೆದಾಗ ಎರಡೂ ಪೂರ್ತಿ ನೆಟ್ಟಗಾದವು, ಮಗುಚಿ ಹಾಕಿ ಅಳೆದರೂ ಅಷ್ಟೇ ಬಂತು. ದೊಡ್ಡಪ್ಪ ಅಜ್ಜನ ಕಡೆ ನೋಡಿ ನಕ್ಕರು. ಎರಡು ತೋಳು ಸಮ ಇಲ್ಲದಿದ್ದರೆ ಬಿಗಿಯಾದ ತೋಳು ಸುಮ್ಮನೆ ಕುಳಿತು ಮೆದು ತೋಳು ಎಲ್ಲ ಶ್ರಮ ಪಡುತ್ತದೆ, ಮುರಿಯುವುದೂ ಅದೇ. ಆದ್ದರಿಂದ 5 ಮಿ.ಮೀ. ಜಗ್ಗಿದ ಪಟ್ಟಿಯನ್ನು ಕೀಸಬೇಕು. ಎಷ್ಟು? ಮತ್ತೆ ಘನದ ಲೆಕ್ಕ. 6 ಮಿ.ಮೀ. ದಪ್ಪದಲ್ಲಿ ಮೂರನೇ ಒಂದು ಮಿ.ಮೀ. ಕೀಸಿದರೆ ಸಾಕು, ಹತ್ತರಿಯಲ್ಲಿ ಕೆಲವೇ ಸಲ. 10 ಮಿ.ಮೀ. ತೋಳನ್ನು ಅಜಾಗರೂಕತೆಯಿಂದ 11 ಮಾಡಿದರೆ ಬಿಗಿತ ಮೂರನೇ ಒಂದು ಭಾಗ ಏರುತ್ತದೆ, ಅಷ್ಟು ಸೂಕ್ಷ್ಮ ಇದು. ಒಂದೇ ಸೀಳಿನ ಜೋಡಿ ಪಟ್ಟಿಗಳಲ್ಲಿ ಮರದ ಬುಡದ ಕಡೆಯ ತುದಿ ಎರಡೂ ತೋಳಿನಲ್ಲಿ ಹಿಡಿಯ ಕಡೆಗೇ ಬರುವಂತೆ ಗುರುತು ಹಾಕಿದ್ದೇವೆ.

ಉಳಿದದ್ದು ಒಣಗುವುದು. ಕೊಟ್ಟಿಗೆಯ ತೇವ ಕುಡಿದ ಮರ, ಮಳೆ ಬೇರೆ. ತೇವ ಇರುವ ಮರಕ್ಕೆ ಅಂಟು ಸರಿಯಾಗಿ ಕೂರುವುದಿಲ್ಲ, ಆಮೇಲೆ ಒಣಗಿ ಕುಗ್ಗಿದಾಗ ಪದರ ಬಿಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಪಟ್ಟಿಗಳನ್ನು ಮಲಗಿಸಿದ್ದೇವೆ, ಸೊಟ್ಟ ಆಗದಂತೆ ಕೆಳಗೆ ಮೂರು ಕಡೆ ಕಡ್ಡಿ ಕೊಟ್ಟು. ಅಮ್ಮ ಅದಕ್ಕೆ ಒಪ್ಪಿದ್ದು ಎರಡು ಷರತ್ತಿನ ಮೇಲೆ. ಮೊದಲ ಸಲ ಬಿಲ್ಲು ಎಳೆಯುವಾಗ ಬೆಳದಂಡೆಯ ಮೇಲೆ ಕಟ್ಟಿಟ್ಟು, ದೂರದಿಂದ ಹಗ್ಗದಲ್ಲಿ ಎಳೆಯಬೇಕು. ಮತ್ತು ಬಾಣ ಇಲ್ಲದೆ ಹೆದೆ ಎಳೆದು ಬಿಡಬಾರದು. ಎರಡನೆಯದು ಅಮ್ಮನಿಗೆ ನಾನೇ ಹೇಳಿಕೊಟ್ಟದ್ದು. ಬಾಣವಿದ್ದರೆ ಶಕ್ತಿ ಅದರ ಜೊತೆ ಹೋಗುತ್ತದೆ, ಇಲ್ಲದಿದ್ದರೆ ಅಷ್ಟೂ ತೋಳಿಗೇ ವಾಪಸು ಬಡಿಯುತ್ತದೆ.

ಪ್ರತಿ ಭಾನುವಾರ ಪಟ್ಟಿಗಳನ್ನು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗುತ್ತಿದ್ದೇನೆ. ಎರಡೂ ಸೇರಿ ಮೊದಲ ವಾರ 372 ಗ್ರಾಂ, ಆಮೇಲೆ 361, ಆಮೇಲೆ 355, ಮೊನ್ನೆ 352. ಮೂರು ವಾರ ಸಾಲಾಗಿ ಒಂದೇ ತೂಕ ಬರುವವರೆಗೆ ದೊಡ್ಡಪ್ಪ ಅಂಟಿನ ಡಬ್ಬಿ ತೆಗೆಯುವುದಿಲ್ಲ. ಈ ಹಾಳೆಯ ಬಲ ಮೂಲೆಯಲ್ಲಿ ಖಾಲಿ ಜಾಗ ಬಿಟ್ಟಿದ್ದೇನೆ, ಸೋಮವಾರ ಸೋಮವಾರ ಹೊಸ ತೂಕ ಅಲ್ಲಿ ಬರೆಯುತ್ತೇನೆ.